ಬೈಗುಳ ಕೇಳಿ ಬಂದ ಮೈಲಾರಪ್ಪ

ಹಣೆಗೆ ಭಂಡಾರ ಹಚ್ಚಿಕೊಂಡು ದಿನ ಆರಂಭಿಸುವ ಎಲ್ಲ ಬಂಧುಗಳಿಗೆ ಮುಧೋಳ ತಾಲೂಕಿನ ಮಾಳಪ್ಪನ ಶರಣು. ನಾಲ್ಕು ದಿನದ ಕೆಲಸವೆಂದು ಹೇಳಿ ಕರೆಸಿಕೊಂಡ ಒಬ್ಬ ಮನುಷ್ಯ ನನ್ನನ್ನು ಎಮ್ಮೆ ಕೊಟ್ಟಿಗೆಯಲ್ಲಿ ಕೂಡಿ ಹಾಕಿ ದನದ ಹಾಗೆ ದುಡಿಸಿದ. ದಸರೆಗೆ ಬನ್ನಿ ಹಂಚಿ ಮನೆ ಬಿಟ್ಟವನು ಮತ್ತೆ ಊರು ಕಂಡದ್ದು ಕಾರಹುಣ್ಣಿಮೆಯ ಹೊತ್ತಿಗೆ. ಅಲ್ಲಿಂದ ನನ್ನನ್ನು ಬಿಡಿಸಿದವನು ನಮ್ಮ ಮೈಲಾರಲಿಂಗ. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಅವನ ಮೇಲಿನ ನನ್ನ ಸಿಟ್ಟು ಪೂರ್ತಿ ಇಳಿದಿದೆ ಎಂದರೆ ಅದು ಸುಳ್ಳಾಗುತ್ತದೆ.

ಗುಡಿಯ ಪುಸ್ತಿಕೆಗೆ ಬರೆದುಕೊಡು ಎಂದ ಹಿರಿಯರು, "ಮಾಳಪ್ಪ, ಸ್ವಲ್ಪ ನಯವಾಗಿ ಬರಿಯಪಾ, ದೇವರ ಪುಸ್ತಕ ಅದು" ಎಂದು ಎರಡೆರಡು ಸಲ ಹೇಳಿದ್ದಾರೆ. ನಯವಾಗಿ ಬರೆಯಲು ಕುಳಿತು ನೋಡಿದೆ. ಆಗಲಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮದು ತಿಮ್ಮಾಪುರದ ಹತ್ತಿರದ ಊರು. ನಾಯಿ ಸಾಕುವುದು ನಮ್ಮ ಮನೆತನದಲ್ಲಿ ಅಜ್ಜನ ಕಾಲದಿಂದ ಬಂದದ್ದು. ಮುಧೋಳ ನಾಯಿ ಎಂದರೆ ಈಗ ದೇಶಕ್ಕೆಲ್ಲ ಗೊತ್ತು. ನಮ್ಮ ಓಣಿಯ ಒಬ್ಬ ಹುಡುಗಿ ನನ್ನ ನಾಯಿಗಳು ಓಡುವುದನ್ನು ಮೊಬೈಲಿನಲ್ಲಿ ತೆಗೆದು ಹಾಕಿದ್ದಳು. ಅದನ್ನು ನೋಡಿ ಉತ್ತರ ಭಾರತದ ಕಡೆಯಿಂದ ಒಬ್ಬ ದೊಡ್ಡ ಜಮೀನುದಾರ ಫೋನು ಮಾಡಿದ. ಅವನಿಗೆ ಮರಿ ಬೇಡವಂತೆ, ಬೆಳೆದ ಜೋಡಿಯೇ ಬೇಕಂತೆ. "ನೀನೇ ತಂದುಬಿಡು, ಅವು ಹೊಸ ಜಾಗಕ್ಕೆ ಹೊಂದಿಕೊಳ್ಳುವವರೆಗೆ ನಾಲ್ಕು ದಿನ ಇದ್ದು ಹೋಗು" ಎಂದ. ಮಾತು ಸಕ್ಕರೆಯಂತಿತ್ತು. ಊರಿನ ಹೆಸರನ್ನೂ ಅವನ ಹೆಸರನ್ನೂ ಬರೆಯಬೇಡ, ಕೋರ್ಟಿನಲ್ಲಿ ಖಟ್ಲೆ ನಡೆದಿದೆ ಎಂದು ವಕೀಲರು ಹೇಳಿದ್ದಾರೆ. ಮಾಲೀಕ ಎಂದೇ ಕರೆಯುತ್ತೇನೆ. ಅವನು ನನ್ನಿಂದ ಹಾಗೆಯೇ ಕರೆಸಿಕೊಂಡದ್ದು.

ಬಂಟ ಎಂಬ ಗಂಡುನಾಯಿ, ರಾಣಿ ಎಂಬ ಹೆಣ್ಣುನಾಯಿ, ಎರಡನ್ನೂ ಕರೆದುಕೊಂಡು ಸೊಲ್ಲಾಪುರದಲ್ಲಿ ದೆಹಲಿ ರೈಲು ಹತ್ತಿದೆ. ನಾಯಿಗಳಿಗೆ ಗಾರ್ಡಿನ ಡಬ್ಬಿಯಲ್ಲಿ ಜಾಗ. ದೊಡ್ಡ ಸ್ಟೇಷನ್ ಬಂದಾಗಲೆಲ್ಲ ಇಳಿದು ಓಡಿಹೋಗಿ ನೀರು ಕುಡಿಸಿ ಬರುತ್ತಿದ್ದೆ. ನನ್ನ ಹೆಂಡತಿ ಕಸ್ತೂರಿ ಕಟ್ಟಿಕೊಟ್ಟ ಸಜ್ಜಿರೊಟ್ಟಿ, ಶೇಂಗಾ ಚಟ್ನಿ ದೆಹಲಿಯವರೆಗೂ ಬಂತು. ಅಲ್ಲಿಗೆ ಮಾಲೀಕನ ಜೀಪು ಬಂದಿತ್ತು.

ಮೊದಲು ಒಳ್ಳೆಯ ಉಪಚಾರ. ಗಟ್ಟಿ ಹಾಲಿನ ಚಹಾ, ತುಪ್ಪ ಸವರಿದ ರೊಟ್ಟಿ, ಮಲಗಲು ಹೊರಸು. ಹೊರಡುವ ದಿನ ಹತ್ತಿರ ಬಂದಾಗ, "ರೈಲು ಟಿಕೆಟ್ ತೆಗೆಸುತ್ತೇನೆ" ಎಂದು ಆಧಾರ್ ಕಾರ್ಡು ಕೇಳಿದ, ಕೊಟ್ಟೆ. "ನಂಬರಿಗೆ ಮೆಸೇಜು ಬರುತ್ತದೆ" ಎಂದು ಫೋನು ಕೇಳಿದ, ಅದನ್ನೂ ಕೊಟ್ಟೆ. ಹೊರಡುವ ದಿನ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದು ನಿಂತರೆ, "ಯಾವ ಟಿಕೆಟ್?" ಎಂದ.

ತಮಾಷೆ ಎಂದುಕೊಂಡು ನಾನು ನಕ್ಕೆ. ಅವನು ನಗಲಿಲ್ಲ.

ತೊಡಕು ಬಂದದ್ದು ನಾಯಿಗಳಿಂದ. ಅವು ಹುಟ್ಟಿದಾಗಿನಿಂದ ನಮ್ಮ ಮಾತನ್ನೇ ಕೇಳಿ ಬೆಳೆದವು. "ಬಾ" ಎಂದರೆ ಬರುತ್ತವೆ, "ಕೂಡ್ರು" ಎಂದರೆ ಕೂಡುತ್ತವೆ. ಮಾಲೀಕ ಅವನ ಮಾತಿನಲ್ಲಿ ಎಷ್ಟು ಕೂಗಿದರೂ ಬಂಟ ನನ್ನ ಮುಖ ನೋಡುತ್ತಿದ್ದ. ಅವನಿಗೆ ನೆಂಟರ ಮುಂದೆ ಅವಮಾನವಾಯಿತು. ನನ್ನನ್ನು ಕಳಿಸಿದರೆ ನಾಯಿಗಳು ಯಾರ ಮಾತೂ ಕೇಳುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಜೊತೆಗೆ ಕೊಟ್ಟಿಗೆ ತುಂಬ ಎಮ್ಮೆಗಳಿದ್ದವು, ಆಳು ಬೇಕಿತ್ತು. ಮರುದಿನದಿಂದ ಹೊರಸು ಹೋಯಿತು, ತುಪ್ಪ ಹೋಯಿತು. ಕೊಟ್ಟಿಗೆಯ ಪಕ್ಕದ ಮೇವಿನ ಕೋಣೆ ನನ್ನ ಮನೆಯಾಯಿತು. ಹೊತ್ತು ಮುಳುಗಿದರೆ ಹೊರಗಿನಿಂದ ಬೀಗ.

ಆ ಕೋಣೆಯಲ್ಲಿ ನನಗಿಂತ ಮೊದಲೇ ಒಬ್ಬ ಮುದುಕನಿದ್ದ. ಹೆಸರು ರಾಮಚರಣ, ಜಾರ್ಖಂಡದವನು. ಇಟ್ಟಿಗೆ ಭಟ್ಟಿಯ ಕೆಲಸ ಹುಡುಕಿಕೊಂಡು ಬಂದು ಯಾವುದೋ ಸ್ಟೇಷನ್ನಿನಲ್ಲಿ ಕುಳಿತಿದ್ದಾಗ ಯಾರೋ ಚಹಾ ಕುಡಿಸಿದರಂತೆ. ಎಚ್ಚರಾದಾಗ ಇಲ್ಲಿದ್ದ. ಎಷ್ಟು ವರ್ಷವಾಯಿತು ಎಂದು ಕೇಳಿದೆ. ಕೊಟ್ಟಿಗೆಯಲ್ಲಿದ್ದ ಒಂದು ಮುದಿ ಎಮ್ಮೆಯನ್ನು ತೋರಿಸಿ, "ಇದು ಕರುವಾಗಿತ್ತು" ಎಂದ.

ಅಂದಿನಿಂದಲೇ ಪ್ರಾರ್ಥನೆ ಶುರುಮಾಡಿದೆ. ನಮ್ಮ ಮೈಲಾರಪ್ಪನ ವಾರ ಭಾನುವಾರ ತಾನೆ. ರಾಮಚರಣ ಪ್ರತಿ ಭಾನುವಾರ ಮಾಲೀಕನ ಅಡುಗೆಮನೆಯಿಂದ ಒಂದು ಚಿಟಿಕೆ ಅರಿಶಿನ ಕಾಗದದ ತುಣುಕಿನಲ್ಲಿ ಕಟ್ಟಿ ತರುತ್ತಿದ್ದ. ಅದನ್ನೇ ಭಂಡಾರವೆಂದು ನನ್ನ ಹಣೆಗೂ ಅವನ ಹಣೆಗೂ ಎರಡು ನಾಯಿಗಳ ಹಣೆಗೂ ಹಚ್ಚುತ್ತಿದ್ದೆ. ನಾಯಿ ಮೈಲಾರಪ್ಪನ ಬಂಟನಲ್ಲವೇ, ಅದರ ಮುಖ ನೋಡಿಯಾದರೂ ಬಂದಾನು ಎಂಬ ಆಸೆ.

ಹರಕೆ ಹೊತ್ತೆ. ಗುಡಿ ಸುತ್ತ ಉದ್ದಕ್ಕೆ ಬಿದ್ದು ಎದ್ದು ದೀಡ ನಮಸ್ಕಾರ ಹಾಕುತ್ತೇನೆ ಎಂದೆ. ಗೊರವಯ್ಯಗಳಿಗೆ ಹಾಲು ತುಪ್ಪದ ದೋಣಿ ತುಂಬಿಸುತ್ತೇನೆ ಎಂದೆ. ಗಂಟೆ ಕಟ್ಟಿಸುತ್ತೇನೆ ಎಂದೆ. ಬರಿಗಾಲಲ್ಲಿ ಬರುತ್ತೇನೆ, ಮೀಸೆ ಬೋಳಿಸುತ್ತೇನೆ, ವರ್ಷವಿಡೀ ಒಪ್ಪೊತ್ತು ಉಣ್ಣುತ್ತೇನೆ. ಒಪ್ಪೊತ್ತಂತೂ ಮಾಲೀಕ ಆಗಲೇ ಮಾಡಿಸುತ್ತಿದ್ದ, ಬೇರೆ ಹರಕೆ ಬೇಕಿರಲಿಲ್ಲ.

ದೇವರ ಮೇಲೆ ಭಾರ ಹಾಕಿ ನಾನೇನು ಕೈಕಟ್ಟಿ ಕೂಡಲಿಲ್ಲ. ಹಾಲಿನ ವ್ಯಾನು ದಿನಾಲೂ ಬರುತ್ತಿತ್ತು. ಡ್ರೈವರನ ಕಾಲು ಹಿಡಿದು, ಕಸ್ತೂರಿಯ ನಂಬರು ಹೇಳಿ, ಒಂದೇ ಒಂದು ಫೋನು ಮಾಡಪ್ಪಾ ಎಂದೆ. "ಮಾಡುತ್ತೇನೆ, ಮಾಡುತ್ತೇನೆ" ಎಂದವನು ಸೀದಾ ಮಾಲೀಕನ ಬಳಿ ಹೋಗಿ ಹೇಳಿದ. ಆ ದಿನ ತಿಂದ ಪೆಟ್ಟಿನ ಗುರುತು ಬೆನ್ನ ಮೇಲೆ ಇನ್ನೂ ಇದೆ.

ಮುಂದೊಂದು ದಿನ ಕಬ್ಬಿನ ಹೊಲದಲ್ಲಿ ಮೇವು ಕೊಯ್ಯುವಾಗ ಕಾವಲಿನವನ ಕಣ್ಣು ತಪ್ಪಿತು. ಕಬ್ಬಿನೊಳಗೆ ನುಗ್ಗಿದೆ. ಕಬ್ಬು ನಮಗೇನು ಹೊಸದೇ? ಮಹಾಲಿಂಗಪುರದ ಕಬ್ಬಿನ ಸಾಲಿನಲ್ಲಿ ಆಡಿ ಬೆಳೆದ ಮೈ ಇದು. ಗರಿಯಲ್ಲಿ ಮೈ ಕೊಯ್ಸಿಕೊಳ್ಳುತ್ತಾ ಓಡಿ ಆಚೆಗಿನ ರಸ್ತೆಗೆ ಬಿದ್ದೆ, ಪೊಲೀಸ್ ಚೌಕಿ ಮುಟ್ಟಿದೆ. ನನಗೆ ಬರುವ ಮುರುಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಅಲ್ಲಿದ್ದವನು ಸಮಾಧಾನದಿಂದ ಕೇಳಿ, ಚಹಾ ತರಿಸಿದ. ನೀನು ಯಾರೆಂದು ತೋರಿಸಲು ಆಧಾರ್ ಎಲ್ಲಿ ಎಂದ. "ಅದನ್ನೇ ಕಸಿದುಕೊಂಡಿದ್ದಾನೆ ಸಾಹೇಬ" ಎಂದೆ. "ಆಧಾರ್ ಇಲ್ಲದೆ ದೂರು ಹೇಗೆ?" ಎಂದ. ಕಳುವಾದ ವಸ್ತುವನ್ನು ತೋರಿಸಿದರೆ ಮಾತ್ರ ಕಳುವಿನ ದೂರು ಬರೆದುಕೊಳ್ಳುವವರಿಗೆ ಏನು ಹೇಳುವುದು? ನಾನು ಚಹಾ ಮುಗಿಸುವ ಹೊತ್ತಿಗೆ ಮಾಲೀಕನ ಜೀಪು ಬಾಗಿಲಲ್ಲಿ ನಿಂತಿತ್ತು. ಚಹಾ ತರಿಸಿದ್ದು ಜೀಪು ಬರುವವರೆಗೆ ನನ್ನನ್ನು ಕೂರಿಸಲಿಕ್ಕೆ.

ಈ ಸಲ ಮಾಲೀಕ ನನ್ನನ್ನು ಹೊಡೆಯಲಿಲ್ಲ. ನನ್ನ ಕಣ್ಣೆದುರು ರಾಮಚರಣನನ್ನು ಹೊಡೆದ. "ನೀನು ಇನ್ನೊಮ್ಮೆ ಓಡು, ಇವನು ಉಳಿಯುವುದಿಲ್ಲ" ಎಂದ. ಸಂಜೆಗೆ ಆ ಮುದುಕ ನನ್ನ ತಾಟಿನಲ್ಲಿ ತನ್ನ ರೊಟ್ಟಿಯ ಅರ್ಧ ಇಟ್ಟ. ಅಂದಿನಿಂದ ನನ್ನ ಕಾಲಿಗೆ ಸರಪಳಿ ಬೇಕಾಗಲಿಲ್ಲ.

ಚಳಿಗಾಲ ಬಂತು. ಅಲ್ಲಿನ ಚಳಿ ನಮ್ಮ ಕಡೆಯದಲ್ಲ. ಮಂಜು ಬಿದ್ದರೆ ಕೈಗೆ ಕೈ ಕಾಣದು. ನಮ್ಮ ನಾಯಿಗಳಿಗೆ ಮೈಮೇಲೆ ಕೂದಲೇ ಇಲ್ಲ, ಬಿಸಿಲಿನಲ್ಲಿ ಓಡಲು ಹುಟ್ಟಿದವು. ಗೋಣಿಚೀಲ ಹೊದಿಸಿ ಒಳಗೆ ಮಲಗಿಸುತ್ತೇನೆಂದರೆ ಮಾಲೀಕ ಬಿಡಲಿಲ್ಲ. ಗೇಟಿನ ಬಳಿ ಕಟ್ಟಿದರೆ ಕಾವಲಿಗೆ ಒಳ್ಳೆಯದಂತೆ. ರಾಣಿ ಕೆಮ್ಮಲು ಹತ್ತಿದಳು. ದೇವರೇ, ನನ್ನನ್ನು ಬಿಡಿಸದಿದ್ದರೆ ಬಿಡು, ಇವಳನ್ನು ಉಳಿಸು ಎಂದು ಕೇಳಿಕೊಂಡೆ. ಇಷ್ಟು ಸಣ್ಣದನ್ನು ಕೇಳಿದರೆ ಕೊಟ್ಟಾನು ಅಂದುಕೊಂಡಿದ್ದೆ. ಒಂದು ಬೆಳಗ್ಗೆ ಅವಳು ಏಳಲಿಲ್ಲ. ಕಾಲುವೆಯ ದಂಡೆಯಲ್ಲಿ ಹೂತು ಬಂದೆ.

ಅಂದೇ ದೀಡ ನಮಸ್ಕಾರದ ಹರಕೆ ವಾಪಸು ತೆಗೆದುಕೊಂಡೆ. ಮುಂದಿನ ಭಾನುವಾರ ಗಂಟೆಯ ಹರಕೆ ವಾಪಸು. ಮೇವು ಕತ್ತರಿಸುವ ಯಂತ್ರಕ್ಕೆ ನನ್ನ ಎಡಗೈ ಸಿಕ್ಕಿದ ದಿನ ದೋಣಿಯ ಹರಕೆಯನ್ನೂ ವಾಪಸು ತೆಗೆದುಕೊಂಡೆ. ನಗಬೇಡಿ. ಬಿಟ್ಟೂ ಬಿಡದೆ ಕೂಗಿದರೂ ಓಗೊಡದವನ ಜೊತೆ ಮತ್ತೆ ಹೇಗೆ ವ್ಯವಹಾರ ಮಾಡುವುದು?

ಆ ಕೈಗೆ ಪಟ್ಟಿ ಕಟ್ಟಿಸಲು ಒಂದು ದವಾಖಾನೆಗೆ ಕರೆದೊಯ್ದರು. ಡಾಕ್ಟರು ಒಬ್ಬರೇ ಇದ್ದಾಗ, "ನನ್ನನ್ನು ಕೂಡಿ ಹಾಕಿದ್ದಾರೆ, ಕರ್ನಾಟಕದವನು ನಾನು" ಎಂದು ಪಿಸುಗುಟ್ಟಿದೆ. ಹೊರಗಿದ್ದ ಮಾಲೀಕನಿಗೆ ಅದು ಕೇಳಿಸಿತು. ಒಳಗೆ ಬಂದು ತಲೆಯ ಪಕ್ಕ ಬೆರಳು ತಿರುಗಿಸಿ, "ಪಾಗಲ್" ಎಂದ. ಡಾಕ್ಟರು ನನ್ನ ಕಡೆ ಕನಿಕರದಿಂದ ನೋಡಿ ನಿದ್ದೆಗುಳಿಗೆ ಬರೆದುಕೊಟ್ಟರು.

ಇತ್ತ ಊರಿನಲ್ಲಿ ಏನಾಗುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಕಸ್ತೂರಿ ಬನಹಟ್ಟಿಯ ನೇಕಾರರ ಮಗಳು. ನಮ್ಮದು ಮನೆಯವರ ವಿರೋಧದ ನಡುವೆ ಆದ ಮದುವೆ. ನನ್ನ ಫೋನು ಬಂದ್ ಆದಾಗ ಅವಳು ಅಣ್ಣ ಈರಣ್ಣನನ್ನು ಕರೆದುಕೊಂಡು ಠಾಣೆಗೆ ಹೋದಳು. ಈರಣ್ಣನಿಗೆ ಬನಹಟ್ಟಿಯಲ್ಲಿ ಪಾವರ್‌ಲೂಮ್ ಇದೆ, ಮಗ್ಗ ನಿಲ್ಲಿಸಿ ತಂಗಿಯ ಹಿಂದೆ ಅಲೆದ. ಠಾಣೆಯಲ್ಲಿದ್ದವರು, "ಯಾರನರೆ ಕಟಗೊಂಡ ಹೋಗಿರಬೇಕ ತಗೀರಿ, ನಾಕ ದಿನಾ ಬಿಟ್ಟ ತಾನ ಬರ್ತಾನ" ಅಂದರಂತೆ.

ಕಸ್ತೂರಿ ಅಲ್ಲೇ ಬೆಂಚಿನ ಮೇಲೆ ಕುಳಿತು, "ಸಾಹೇಬ್ರ, ನನ್ನ ಬಿಟ್ಟ ಹೋಗ್ಯಾನು ಅಂದ್ರ ನಂಬತೇನ್ರಿ. ಮನ್ಯಾಗ ನಾಯಿ ಮರಿ ಹಾಕಿ ಒಂದ ತಿಂಗಳಾಗಿಲ್ಲ. ಅವನ್ನ ಬಿಟ್ಟ ಹೋಗೂ ಮನಷ್ಯಾ ಅಲ್ಲರಿ ಅಂವಾ" ಎಂದಳಂತೆ. ಕೊನೆಗೆ ದೂರು ಬರೆದುಕೊಂಡರು. ಅಲ್ಲಿಂದ ಯಾರೋ ಹೇಳಿದರೆಂದು ಬೀಳಗಿ ಕಡೆಯ ಒಬ್ಬ ಶಾಸ್ತ್ರ ಹೇಳುವವನ ಬಳಿ ಹೋದರು. ಅವನು ಕವಡೆ ಹಾಕಿ, "ದಕ್ಷಿಣ ದಿಕ್ಕಿನಾಗ ಅದಾನ, ಸಮುದ್ರದ ಹತ್ರ, ಛಲೋ ಅದಾನ" ಎಂದನಂತೆ. ನಾನು ಉತ್ತರದಲ್ಲಿ ಸಗಣಿ ಬಾಚುತ್ತಿದ್ದೆ! ಈರಣ್ಣ ಪಾಪ, ಅವನ ಮಾತು ನಂಬಿ ಮಂಗಳೂರಿನವರೆಗೂ ಹೋಗಿ ಬಂದ. ಇದು ಸಾಲದೆಂಬಂತೆ, ನನ್ನ ಫೋಟೋ ಮೊಬೈಲಿನಲ್ಲಿ ಹರಡಿದ ಮೇಲೆ, "ನಿಮ್ಮ ಗಂಡ ನಮ್ಮ ಹತ್ತಿರ ಇದ್ದಾನೆ, ರೊಕ್ಕ ಹಾಕಿ" ಎಂದು ಕಂಡಕಂಡವರ ಕರೆ. ಒಬ್ಬನಂತೂ ತಾನೇ ಪೊಲೀಸ್ ಎಂದಿದ್ದನಂತೆ. ಓಣಿಯ ಹೆಂಗಸರು ಕುಂಕುಮದ ಮಾತು ಎತ್ತಿದಾಗ, "ಹೆಣಾ ತಂದ ತೋರಸ್ರಿ, ಆಮ್ಯಾಲ ಅಳಸ್ತೇನಿ" ಎಂದು ಬಾಗಿಲು ಹಾಕಿಕೊಂಡಳಂತೆ.

ಈಗ ಆ ದಿನಕ್ಕೆ ಬರುತ್ತೇನೆ. ಗೋದಿ ಕೊಯ್ಲು ಮುಗಿದು ಹೊಲಗಳು ಬರಿದಾಗಿದ್ದವು. ಮಧ್ಯಾಹ್ನದ ಬಿಸಿಲು ಕೆಂಡದಂತಿತ್ತು. ಭಾನುವಾರ. ಬಂಟನನ್ನು ಓಡಿಸಲು ಕಾಲುವೆಯ ದಂಡೆಗೆ ಕರೆದೊಯ್ದಿದ್ದೆ. ಕಾವಲಿನವನು ಎಂದಿನಂತೆ ಮೋಟರ್‌ಸೈಕಲ್ಲಿನಲ್ಲಿ ಹಿಂದೆ ಬಂದು ದೂರದ ಬೇವಿನ ಗಿಡದ ಕೆಳಗೆ ಕುಳಿತಿದ್ದ. ಮೊಲವೋ ಏನೋ ಎದ್ದಿತು, ಬಂಟ ಬಿಲ್ಲಿನಿಂದ ಬಿಟ್ಟ ಬಾಣದಂತೆ ಹೋದ. ಕೂಗಿದೆ. ಬರಲಿಲ್ಲ. ಅವನು ಕೈತಪ್ಪಿದರೆ ಮುದುಕನ ಬೆನ್ನು ಮುರಿಯುತ್ತದೆ ಎಂಬ ಹೆದರಿಕೆಯಲ್ಲಿ ನಾನೂ ಬಿದ್ದೆನೋ ಎದ್ದೆನೋ ಎಂದು ಓಡಿದೆ. ದಂಡೆಯಾಚೆ ಡಾಂಬರು ರಸ್ತೆ. ಅದರ ಹತ್ತಿರ ಕಾಲು ಮಡಚಿ ಮುಗ್ಗರಿಸಿದೆ. ಗಾಯದ ಕೈ ಕಲ್ಲಿಗೆ ಬಡಿಯಿತು. ಪಟ್ಟಿಯೊಳಗಿಂದ ಕೀವು ರಕ್ತ ಬಂತು. ಬಂಟ ಆಗ ತಾನಾಗಿ ಬಂದು ನನ್ನ ಮುಖ ನೆಕ್ಕಿದ. ನನಗೆ ಏನಾಯಿತೋ ಗೊತ್ತಿಲ್ಲ, ಎಲ್ಲಿತ್ತೋ ಆ ಸಿಟ್ಟು. ಕುಳಿತಲ್ಲಿಂದಲೇ ಆಕಾಶ ನೋಡಿ ಗಂಟಲು ಹರಿಯುವಂತೆ ಒದರಿದೆ:

"ಏ ಮೈಲಾರಪ್ಪಾ! ಕಿವ್ಯಾಗ ಭಂಡಾರ ತುಂಬಕೊಂಡ ಕುಂತೀಯೇನೋ? ನಿನ್ನ ಹೆಸರ ತಗೊಂಡ ತಗೊಂಡ ನನ್ನ ನಾಲಿಗಿ ಸವದೈತಿ! ಕುದರಿ ಏರಿ ಬರ್ತಾನ, ಖಡ್ಗಾ ಹಿಡದ ಬರ್ತಾನ ಅಂತ ಹೇಳಿ ನಮ್ಮಜ್ಜ ಸತ್ತಾ, ನಮ್ಮಪ್ಪ ಸತ್ತಾ. ಎಲ್ಲೈತೋ ನಿನ್ನ ಕುದರಿ? ಮಲಗೇತೇನು? ಬರೂದಿದ್ರ ಬಾ, ಇಲ್ಲಾಂದ್ರ ಬರಂಗಿಲ್ಲ ಅಂತ ಖರೆ ಹೇಳು! ನಿನ್ನ ದಾರಿ ಕಾದ ಕಾದ ನನಗ ಸಾಕಾಗೈತಿ. ದೇವರಂತ ದೇವರ! ಕಿವುಡ ದೇವರ!"

ಇನ್ನೂ ಏನೇನೋ ಅಂದೆ. ಅವನ್ನು ಹಿರಿಯರು ಪುಸ್ತಿಕೆಯಲ್ಲಿ ಹಾಕುವುದಿಲ್ಲ.

ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಹಿಂದಿನಿಂದ ಒಂದು ಧ್ವನಿ ಬಂತು.

"ಏ! ಯಾಂವಲೇ ಅಂವಾ? ನಮ್ಮಪ್ಪಗ ಬಾಯಿಗೆ ಬಂದಂಗ ಬೈತಿಯಲ್ಲಾ, ನಾಲಿಗಿ ಕಿತ್ತ ಕೈಯಾಗ ಕೊಡ್ಲೇನು?"

ತಿರುಗಿದೆ. ರಸ್ತೆಯ ಬದಿ ಹುಣಸೆ ಗಿಡದ ನೆರಳಿನಲ್ಲಿ ಮಿಲಿಟರಿ ಲಾರಿಯೊಂದು ಟೈರು ಬಿಚ್ಚಿಕೊಂಡು ನಿಂತಿತ್ತು. ಅದರ ಆಚೆ ಬದಿಯಿಂದ ಒಬ್ಬ ಯೋಧ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು, ಕೆಂಡಾಮಂಡಲವಾಗಿ ನನ್ನ ಕಡೆ ಬರುತ್ತಿದ್ದ.

ಅಷ್ಟು ತಿಂಗಳುಗಳಿಂದ ನನ್ನ ಮಾತು ತಿಳಿದದ್ದು ಬಂಟನಿಗೊಬ್ಬನಿಗೆ. ಮನುಷ್ಯನ ಬಾಯಿಂದ ಕನ್ನಡ ಕೇಳಿ, ಅದೂ ಬೈಗುಳ ಕೇಳಿ, ನಾನು ಅಳಲು ಹತ್ತಿದೆ. ಅವನ ಎರಡೂ ಕಾಲು ತಬ್ಬಿಕೊಂಡೆ. ಅವನು ಗಾಬರಿಯಾದ. ಪಾನಾ ಕೆಳಗೆ ಹಾಕಿ ಕುಕ್ಕರುಗಾಲಿನಲ್ಲಿ ಕುಳಿತು, "ಯಾಕರಿ ಕಾಕಾ? ಯಾವೂರ ನಿಮ್ದು?" ಎಂದ. ಬೈಗುಳ ಹೋಗಿ ಬಹುವಚನ ಬಂದಿತ್ತು.

"ಮುಧೋಳ" ಎಂದೆ.

ಅವನ ಹೆಸರು ಹಣಮಂತ. ಜಮಖಂಡಿ ತಾಲೂಕಿನವನು. ಅವರ ಮನೆದೇವರೂ ಮೈಲಾರಲಿಂಗನೇ. ಒಂದು ಗುಟುಕು ನೀರು ಕುಡಿಸಿ ಎಲ್ಲ ಕೇಳಿದ. ಅಷ್ಟರಲ್ಲಿ ಕಾವಲಿನವನು ಮೋಟರ್‌ಸೈಕಲ್ ತಂದು ನಿಲ್ಲಿಸಿದ. "ಇವನು ನಮ್ಮ ಆಳು, ತಲೆ ಸರಿಯಿಲ್ಲ, ಹೀಗೇ ಒದರುತ್ತಾನೆ, ಕೊಡಿ ಒಯ್ಯುತ್ತೇನೆ" ಎಂದು ಹಿಂದಿಯಲ್ಲಿ ಹೇಳಿ ನನ್ನ ರಟ್ಟೆಗೆ ಕೈ ಹಾಕಿದ. ಚೌಕಿಯವನು, ಡಾಕ್ಟರು, ವ್ಯಾನಿನವನು ಎಲ್ಲರೂ ಹೀಗೆಯೇ ನನ್ನನ್ನು ಮಾಲೀಕನ ಕೈಗೆ ಬಿಟ್ಟುಕೊಟ್ಟವರು.

ಹಣಮಂತ ಅವನಿಗೆ ಹಿಂದಿಯಲ್ಲಿ, "ಅವನು ಒದರಿದ್ದು ನಿನಗೆ ತಿಳಿಯಿತೋ?" ಎಂದು ಕೇಳಿದ. ಇಲ್ಲವೆಂದ. "ನನಗೆ ತಿಳಿಯಿತು. ತಲೆ ಸರಿ ಇದ್ದವನ ಮಾತೇ ಅದು. ಕೈ ತೆಗೆ" ಎಂದ. ಉಳಿದ ಯೋಧರೂ ಬಂದು ಸುತ್ತ ನಿಂತರು. ಕಾವಲಿನವನು ಹಿಂದೆ ಸರಿದು ಮೋಟರ್‌ಸೈಕಲ್ ತಿರುಗಿಸಿದ.

ಹಣಮಂತ ತನ್ನ ಫೋನು ತೆಗೆದು ನಾನು ಹೇಳಿದ ನಂಬರಿಗೆ ಹಚ್ಚಿದ. ಧ್ವನಿ ಹೊರಗೆ ಕೇಳುವಂತೆ ಇಟ್ಟಿದ್ದ.

"ಅಕ್ಕಾರ, ನಾ ಮಿಲಿಟ್ರಿಯಾಂವ ಮಾತಾಡಾಕತ್ತೇನ್ರಿ. ನಿಮ್ಮ ಯಜಮಾನ್ರು ಇಲ್ಲಿ…"

"ಹಾಂ, ಬಂದಿ? ನೀ ಎಷ್ಟನೇದಾಂವೋ?" ಕಸ್ತೂರಿಯ ಧ್ವನಿ. "ಮನ್ನೆ ಒಬ್ಬಾಂವ ಪೊಲೀಸ್ ಅಂದಿದ್ದಾ, ಇವತ್ತ ನೀ ಮಿಲಿಟ್ರಿ ಏನು? ರೊಕ್ಕ ಕೇಳಾವಿದ್ರ ಮದಲ ಫೋನ್ ಇಡು. ಅಕ್ಕ-ತಂಗಿ ಇಲ್ಲೇನೋ ನಿಮಗ?"

ಹಣಮಂತ ನನ್ನ ಮುಖ ನೋಡಿ ಫೋನು ನನ್ನ ಬಾಯಿಯ ಹತ್ತಿರ ಹಿಡಿದ.

"ಕಸ್ತೂರಿ" ಎಂದೆ.

ಫೋನು ಕಟ್ಟಾಯಿತೋ ಎಂದುಕೊಂಡೆ. ಆಮೇಲೆ ಒಂದೇ ಸಮನೆ ಶುರುವಾಯಿತು. "ಎಲ್ಲಿ ಸತ್ತಿದ್ರಿ ಇಷ್ಟ ದಿನಾ? ಒಂದ ಫೋನ್ ಮಾಡಾಕ ಬರೂದಿಲ್ಲೇನ್ರಿ? ಮಂದಿ ಏನೇನ ಅಂದ್ರ ಗೊತ್ತೈತೇನ್ರಿ ನಿಮಗ? ನಮ್ಮಣ್ಣ ಮಂಗಳೂರಿಗಿ ಹೋಗಿ ಬಂದಾನ! ಯಾಕ ಅಳಾಕತ್ತೀರಿ? ಅಳಬ್ಯಾಡ್ರಿ. ಉಂಡೀರೇನು?"

ಲಾರಿಯ ಸುತ್ತ ಇದ್ದವರಲ್ಲಿ ಕನ್ನಡ ಬರುವವರು ಹಣಮಂತನ ಹೊರತು ಯಾರೂ ಇರಲಿಲ್ಲ. ಆದರೂ ಎಲ್ಲರೂ ಮುಖ ಬೇರೆ ಕಡೆ ತಿರುಗಿಸಿಕೊಂಡರು.

ಅವರ ಸುಬೇದಾರರು ಗುಡ್ಡಗಾಡಿನ ಕಡೆಯ ಹಿರಿಯ ಮನುಷ್ಯ. ತಾವು ನೇರವಾಗಿ ಏನೂ ಮಾಡುವಂತಿಲ್ಲ ಎಂದು ಹೇಳಿ, ಅಲ್ಲಿನ ಚೌಕಿಗೆ ಫೋನು ಮಾಡದೆ, ಮೇಲಿನವರ ಮೂಲಕ ಜಿಲ್ಲೆಯ ಅಧಿಕಾರಿಗಳಿಗೇ ಸುದ್ದಿ ಮುಟ್ಟಿಸಿದರು. ಟೈರು ಹಾಕಿ ಮುಗಿದಿದ್ದರೂ ಲಾರಿ ಕದಲಲಿಲ್ಲ. ಒಬ್ಬ ಹೆಣ್ಣುಮಗಳು ಬಂದರು, ನಮ್ಮ ಕಡೆಯ ಎ.ಸಿ. ಸಾಹೇಬರ ದರ್ಜೆಯ ಅಧಿಕಾರಿ. ಜೊತೆಗೆ ಬೇರೆ ಠಾಣೆಯ ಪೊಲೀಸರು. ನನ್ನ ಕೈ ನೋಡಿ, "ಮೊದಲು ಆಸ್ಪತ್ರೆಗೆ" ಎಂದರು.

ನಾನು ನೆಲದ ಮೇಲೆ ಕುಳಿತುಬಿಟ್ಟೆ. "ಹೇಳ್ರಿ ಅವರಿಗೆ" ಎಂದೆ ಹಣಮಂತನಿಗೆ. "ಕೊಟ್ಟಿಗ್ಯಾಗ ಒಬ್ಬ ಮುದಕ ಅದಾನ. ಕಾವಲಿನಾಂವ ಸುದ್ದಿ ಮುಟ್ಟಿಸ್ಯಾನ. ನಾವ ದವಾಖಾನಿಗೆ ಹೋಗಿ ಬರೂದರಾಗ ಅಂವನ್ನ ಎಲ್ಲಿಗರೆ ಸಾಗಸ್ತಾರ. ಅಂವನ ಬಿಟ್ಟ ನಾ ಬರಂಗಿಲ್ಲ."

"ಕಾಕಾ, ಕೈ ಕೊಳೀಲಿಕ್ಕ ಹತ್ತೈತ್ರಿ."

"ಕೊಳೀಲಿ."

ಹಣಮಂತ ಸಾಕುಬೇಕಾದವನಂತೆ ತಲೆ ಕೊಡವಿ ಅವರಿಗೆ ಹಿಂದಿಯಲ್ಲಿ ಹೇಳಿದ. ಆ ತಾಯಿ ನನ್ನನ್ನು ಒಂದು ಗಳಿಗೆ ನೋಡಿ, ಡ್ರೈವರನಿಗೆ ಗಾಡಿ ತಿರುಗಿಸಲು ಹೇಳಿದರು.

ಮಾಲೀಕ ಅಂಗಳದಲ್ಲಿ ಕುರ್ಚಿ ಹಾಕಿಸಿ, ಚಹಾ ತರಿಸಿ, ಸಕ್ಕರೆಯ ಮಾತು ಶುರುಮಾಡಿದ. ಅವರು ಚಹಾ ಮುಟ್ಟಲಿಲ್ಲ. ಮೇವಿನ ಕೋಣೆಯ ಬೀಗ ತೆಗೆಸಿದರು. ರಾಮಚರಣ ಮೂಲೆಯಲ್ಲಿ ಹುಲ್ಲಿನ ಹಿಂದೆ ಮುದುಡಿದ್ದ. ನಾನು ಓಡಿಹೋಗಿ ಸಿಕ್ಕಿಬಿದ್ದಿದ್ದೇನೆ, ಇನ್ನು ಹೊಡೆಯಲು ಬರುತ್ತಾರೆ ಎಂದು ತಿಳಿದಿದ್ದ. ಖಾಕಿ ಬಟ್ಟೆ ನೋಡಿ ಇನ್ನೂ ಒಳಗೆ ಸರಿದ. ಅವನ ಮುಷ್ಟಿಯಲ್ಲಿ ಆ ಭಾನುವಾರದ ಅರಿಶಿನದ ಕಾಗದ ಇತ್ತು.

"ಚಲೋ ಬಾಬಾ, ಘರ್ ಚಲೋ" ಎಂದೆ.

ಘರ್ ಎಂಬ ಮಾತು ಅವನಿಗೆ ತಿಳಿಯಲಿಲ್ಲವೋ, ತಿಳಿದರೂ ನಂಬಿಕೆ ಬರಲಿಲ್ಲವೋ, ನನ್ನ ಮುಖ ನೋಡುತ್ತಾ ಕುಳಿತ. ನಾನು ಮತ್ತೆ ಹೇಳಲಿಲ್ಲ. ಒಳಗೆ ಹೋಗಿ ಅವನ ಪಕ್ಕ ಕುಳಿತೆ. ಕೊನೆಗೆ ಅವನು ನನ್ನ ಒಳ್ಳೆಯ ಕೈ ಹಿಡಿದು ಎದ್ದ. ಹೊರಗೆ ಬಂದವನು ಮೊದಲು ಆ ಮುದಿ ಎಮ್ಮೆಯ ಬೆನ್ನು ತಟ್ಟಿದ.

ಬಂಟನನ್ನು ಬಿಟ್ಟು ಹೋಗು ಎಂದು ಮಾಲೀಕ ರಂಪ ಮಾಡಿದ. ನಾಯಿಗೆ ಅವನು ಪೂರ್ತಿ ರೊಕ್ಕ ಕೊಟ್ಟಿರಲಿಲ್ಲ ಎಂದು ತಿಳಿದ ಮೇಲೆ ಆ ಅಧಿಕಾರಿ ಬೇಸರದಿಂದ ಕೈಬೀಸಿ, ಅದನ್ನೂ ಗಾಡಿಗೆ ಹತ್ತಿಸಿ ಎಂದರು.

ಜಿಲ್ಲಾ ಆಸ್ಪತ್ರೆಯಲ್ಲಿ ಎಡಗೈಯ ಕಿರುಬೆರಳು ಹೋಯಿತು, ಕೈ ಉಳಿಯಿತು. ಈರಣ್ಣ ಅಲ್ಲಿಗೇ ಬಂದ. ರಾಮಚರಣನ ಊರು ಹುಡುಕಲು ಬಹಳ ದಿನ ಹಿಡಿಯಿತು. ಕೊನೆಗೆ ಅವನ ತಂಗಿ ಇನ್ನೂ ಬದುಕಿದ್ದಾಳೆಂದು ತಿಳಿಯಿತು. ಅವಳ ಮಗ ಬಂದು ಕರೆದೊಯ್ದ. ರಾಮಚರಣ ಈಗಲೂ ಅವನ ಫೋನಿನಿಂದ ಮಾತಾಡುತ್ತಾನೆ. ಅವನು ಹೇಳುವುದು ನನಗೆ ಅರ್ಧ ತಿಳಿಯುತ್ತದೆ, ನಾನು ಹೇಳುವುದು ಅವನಿಗೆ ಅಷ್ಟೂ ತಿಳಿಯುವುದಿಲ್ಲ. ಆದರೂ ಬಹಳ ಹೊತ್ತು ಮಾತಾಡುತ್ತೇವೆ.

ಕಷ್ಟ ಮುಗಿಯಿತೆಂದು ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ, ಮುಧೋಳದ ಬಸ್ಸಿಗೆ ಬಂಟನನ್ನು ಹತ್ತಿಸಲು ಕಂಡಕ್ಟರು ಒಪ್ಪಲಿಲ್ಲ. "ಅರ್ಧಾ ಹಿಂದುಸ್ತಾನ ತಿರಗಿ ಬಂದೈತ್ರಿ ಇದು, ಇಲ್ಲಿಂದ ಇಷ್ಟ ದೂರಕ್ಕ ನಿಮ್ಮ ತಕರಾರೇನ್ರಿ?" ಎಂದು ನಾನು ಜಗಳಕ್ಕೆ ನಿಂತೆ. ಈರಣ್ಣ ಬನಹಟ್ಟಿಗೆ ಫೋನು ಮಾಡಿ ನೂಲು ಸಾಗಿಸುವ ಟೆಂಪೋ ತರಿಸಿದ. ಟೆಂಪೋದ ಮುಂದಿನ ಸೀಟಿನಿಂದ ಕಸ್ತೂರಿ ಇಳಿದಳು. ಬಂದು ನನ್ನ ಎಡಗೈ ಎತ್ತಿ ನೋಡಿದಳು, ಕೆಳಗಿಟ್ಟಳು. "ರಾಣಿ ಎಲ್ಲಿ?" ಎಂದಳು. ನಾನು ತಲೆ ಅಲ್ಲಾಡಿಸಿದೆ. ಅಷ್ಟು ದಿನ ಕಣ್ಣೀರು ಹಾಕದವಳು ಬಸ್‌ಸ್ಟ್ಯಾಂಡಿನ ನಡುವೆ ಆ ನಾಯಿಗಾಗಿ ಅತ್ತಳು.

ನನ್ನ ಕಥೆ ಕೇಳಿದ ಕೆಲವು ತಿಳಿದವರು, "ಟೈರ್ ಪಂಕ್ಚರ್ ಆಗಿದ್ದು ಯೋಗಾಯೋಗ, ದೇವರದೇನೈತಿ ಇದರಾಗ?" ಎನ್ನುತ್ತಾರೆ. ಅವರ ಜೊತೆ ವಾದ ಮಾಡುವ ತಾಳ್ಮೆ ನನಗಿಲ್ಲ. ಆ ದೇಶದಲ್ಲಿ ಅಷ್ಟು ರಸ್ತೆಗಳಿವೆ, ಅದೇ ಹುಣಸೆ ಗಿಡದ ಕೆಳಗೆ, ಅದೇ ಭಾನುವಾರ, ಜಮಖಂಡಿಯವನನ್ನು ಪಾನಾ ಕೊಟ್ಟು ಕೂರಿಸಿದವರು ಯಾರು? ನಯವಾಗಿ ಬೇಡಿದಾಗ ಬರಲಿಲ್ಲ, ಅದು ಅವನ ತಪ್ಪು, ಈಗಲೂ ಹೇಳುತ್ತೇನೆ. ಬೈದಾಗ ಬೈಯುತ್ತಲೇ ಬಂದ. ಇಲ್ಲದವನಿಗೆ ಯಾರೂ ಬೈಯುವುದಿಲ್ಲ. ಅಷ್ಟು ಬೈದೆನೆಂದರೆ ಅವನು ಇದ್ದಾನೆ ಎಂಬುದು ನನಗೆ ಒಳಗೊಳಗೆ ಗೊತ್ತಿತ್ತು. ಕಷ್ಟದಲ್ಲಿರುವ ಬಂಧುಗಳಿಗೆ ನಾನು ಹೇಳುವುದು ಇಷ್ಟೇ: ಸಿಟ್ಟು ಬಂದರೆ ಸಿಟ್ಟನ್ನೇ ಅವನ ಮುಂದೆ ಇಡಿ, ಬಾಯಿ ಮಾತ್ರ ಮುಚ್ಚಬೇಡಿ.

ಊರಿಗೆ ಬಂದ ಮೊದಲ ಭಾನುವಾರ ಇಬ್ಬರೂ ಗುಡಿಗೆ ಹೋದೆವು. ಪೂಜಾರಿಗೆ ಸುದ್ದಿ ಮುಟ್ಟಿತ್ತು. "ದೇವರಿಗೆ ಬೈದೀರಂತ, ತಪ್ಪಾತು ಅಂತ ಅಡ್ಡ ಬೀಳ್ರಿ ಮದಲ" ಎಂದರು. ನಾನು ನಿಂತೇ ಇದ್ದೆ. ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ, ಉಪಕಾರವಾಯಿತು ಎನ್ನಲೂ ಹೊರಳಲಿಲ್ಲ.

ಕಸ್ತೂರಿ ಸೆರಗು ತಲೆಯ ಮೇಲೆ ಎಳೆದುಕೊಂಡು ನನ್ನನ್ನು ಹಿಂದೆ ಸರಿಸಿ ಮುಂದೆ ಹೋದಳು. ಲಿಂಗದ ಮುಂದೆ ನಿಂತು, ಮನೆಯ ಹಿರಿಯರೊಂದಿಗೆ ಮಾತಾಡುವ ಹಾಗೆ ಮಾತಾಡಿದಳು.

"ಭಾಳ ತಡಾ ಮಾಡಿದೆಪ್ಪಾ ನೀ. ಭಾಳ ಅಂದ್ರ ಭಾಳ. ಆದರ ಇವರನ್ನ ಮನಿಗಿ ತಂದಿ."